ಜೀವಲಿಪಿಯ ಪಾಠಪರಿಷ್ಕರಣ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಒಂದೇ ಶಾಸನದ ಮೂರು ಪ್ರತಿಗಳಿರುವುದು ನಮ್ಮ ಭಾಗದವರು ಬಲ್ಲ ಸಂಗತಿ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಇವನ್ನು ಬರೆದ ಲಿಪಿಕಾರನ ಹೆಸರು ಚಪಡ. ಮೂರರಲ್ಲಿ ಬ್ರಹ್ಮಗಿರಿಯ ಪ್ರತಿ ಹೆಚ್ಚು ಸುಸ್ಥಿತಿಯಲ್ಲಿದೆ. ಜಟಿಂಗರಾಮೇಶ್ವರದ ಪ್ರತಿ ಬಹುವಾಗಿ ಸವೆದಿದೆ. ಸವೆದೆಡೆಯಲ್ಲಿ ಯಾವ ಅಕ್ಷರವಿದ್ದಿತೆಂಬುದನ್ನು ತಿಳಿಯಲು ವಿದ್ವಾಂಸರು ಕೇವಲ ಊಹೆಯನ್ನು ನೆಚ್ಚಬೇಕಾಗಿಲ್ಲ. ಅದೇ ಪಾಠದ ಇನ್ನೊಂದು ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಬಹುದು. ಗ್ರಂಥಸಂಪಾದನೆಯೆಂಬ ಶಾಸ್ತ್ರದ ಮೊದಲ ಪಾಠವೇ ಇದು. ಒಂದು ಸಾಕ್ಷಿ ಕೆಟ್ಟಲ್ಲಿ ಮತ್ತೊಂದು ಸಾಕ್ಷಿಯಿಂದ ಶುದ್ಧಪಾಠವನ್ನು ಪಡೆಯಬೇಕು.

ಈ ಕಾರ್ಯವು ಪಂಡಿತರ ಮೇಜಿನ ಮೇಲೆ ಮಾತ್ರ ನಡೆಯುವುದೆಂದು ತಿಳಿಯಬೇಕಾಗಿಲ್ಲ. ಓದುಗರು ಈ ಪುಟವನ್ನು ಓದುತ್ತಿರುವ ಹೊತ್ತಿನಲ್ಲಿಯೇ ಅವರ ಮೈಯ ಕೋಟ್ಯಂತರ ಕೋಶಗಳಲ್ಲಿ ಇದು ನಡೆಯುತ್ತಿದೆ. ಅಲ್ಲಿಯೂ ಒಂದು ಲಿಪಿಯುಂಟು, ಅದಕ್ಕೆ ಎರಡು ಪ್ರತಿಗಳುಂಟು. ಅಕ್ಷರಗಳು ದಿನವೂ ಕೆಡುತ್ತವೆ, ದಿನವೂ ತಿದ್ದಲ್ಪಡುತ್ತವೆ. ತಿದ್ದುವ ಕೈಗಳಿಗೆ ಕಿಣ್ವಗಳೆಂದು ಹೆಸರು. ಅವು ಕೆಲಸ ಮಾಡುವ ಬಗೆಯನ್ನೂ, ಅವು ಕೈಬಿಟ್ಟಲ್ಲಿ ಒದಗುವ ವಿಪತ್ತನ್ನೂ ಸಾಧ್ಯವಾದಷ್ಟು ಸರಳವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಎರಡೆಳೆಯ ಗ್ರಂಥ

ಜೀವಕೋಶದ ನಡುವಣ ಕೇಂದ್ರದಲ್ಲಿ ಡಿ.ಎನ್.ಎ. ಎಂಬ ದೀರ್ಘವಾದ ಅಣುವಿದೆ. ಅದರ ರಚನೆಯನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ನಿರೂಪಿಸಿದರು. ಹುರಿಗೊಳಿಸಿದ ಹಗ್ಗದಂತೆ ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡಿರುತ್ತವೆ. ಅವುಗಳ ಮೇಲೆ ನಾಲ್ಕೇ ಅಕ್ಷರಗಳು: ಅಡೆನೀನ್, ಥೈಮೀನ್, ಗ್ವಾನೀನ್, ಸೈಟೊಸೀನ್. ಸುಲಭಕ್ಕಾಗಿ ಇವನ್ನು ಅ, ಥ, ಗ, ಸ ಎಂದು ಕರೆಯೋಣ. ಒಂದೆಳೆಯಲ್ಲಿ ‘ಅ’ ಇದ್ದೆಡೆ ಇನ್ನೊಂದರಲ್ಲಿ ‘ಥ’ ಇರಬೇಕು. ‘ಗ’ ಇದ್ದೆಡೆ ‘ಸ’ ಇರಬೇಕು. ಇದು ಮೀರಲಾಗದ ನಿಯಮ. ಆದುದರಿಂದ ಒಂದೆಳೆಯನ್ನು ಬಲ್ಲವನು ಇನ್ನೊಂದನ್ನು ನೋಡದೆಯೇ ಬರೆದುಬಿಡಬಲ್ಲನು. ಎರಡೆಳೆಗಳಲ್ಲಿ ಪ್ರತಿಯೊಂದೂ ಮತ್ತೊಂದರ ಸಾಕ್ಷಿಪ್ರತಿ.

ಮನುಷ್ಯನ ಒಂದು ಕೋಶದಲ್ಲಿ ಇಂಥ ಜೋಡಿಗಳು ಸುಮಾರು 600 ಕೋಟಿ. ಅವನ್ನು ಎಳೆದು ನೇರವಾಗಿ ಹಿಡಿದರೆ ಸುಮಾರು 2 ಮೀಟರು ಉದ್ದವಾದೀತು. ಕೋಶವು ಇಬ್ಭಾಗವಾಗುವ ಮುನ್ನ ಈ ಸಮಗ್ರ ಗ್ರಂಥವನ್ನು ನಕಲು ಮಾಡಬೇಕು. ಶಿಲಾಶಾಸನವನ್ನು ಒಮ್ಮೆ ಕೆತ್ತಿದರೆ ಮುಗಿಯಿತು. ಮಳೆಗಾಳಿಗಳು ಸವೆಸುವವರೆಗೆ ಅದು ನಿಲ್ಲುತ್ತದೆ. ಜೀವಲಿಪಿಯಾದರೋ ಮತ್ತೆ ಮತ್ತೆ ನಕಲಾಗುತ್ತಲೇ ಬಾಳಬೇಕು. ಆದ್ದರಿಂದ ಮಾತೃಕೆಯಲ್ಲಿ ಸೇರಿದ ತಪ್ಪು ತಿದ್ದದೆ ಉಳಿದರೆ ಮುಂದಿನ ಪ್ರತಿಗಳಿಗೆಲ್ಲ ಹಬ್ಬುತ್ತದೆ.

ಆಮ್ಲಜನಕದ ಎರಡು ಮುಖ

ಈ ಅಕ್ಷರಗಳನ್ನು ಕೆಡಿಸುವವರಾರು? ಬಿಸಿಲು, ವಿಕಿರಣ, ಹೊಗೆ ಮುಂತಾದವು ಹೊರಗಿನಿಂದ ಬರುವ ಶತ್ರುಗಳು. ಆದರೆ ದಿನನಿತ್ಯದ ಶತ್ರು ಒಳಗೇ ಇದೆ. ಅದು ನಮ್ಮನ್ನು ಬದುಕಿಸುವ ಆಮ್ಲಜನಕವೇ.

ಎಣ್ಣೆಯ ನಗರವೆಂದು ಹೆಸರಾದ ಚಳ್ಳಕೆರೆಯ ಸೀಮೆಯವರಿಗೆ ಇದನ್ನು ತಿಳಿಯಪಡಿಸುವುದು ಕಷ್ಟವಲ್ಲ. ಕಡಲೆಕಾಯಿ ಎಣ್ಣೆಯನ್ನು ಬಾಯಿ ತೆರೆದ ಪಾತ್ರೆಯಲ್ಲಿ ಬಹುದಿನ ಇಟ್ಟರೆ ಕಮಟು ವಾಸನೆ ಹಿಡಿಯುತ್ತದೆ. ಗಾಳಿಯಲ್ಲಿರುವ ಆಮ್ಲಜನಕವು ಎಣ್ಣೆಯ ಅಣುಗಳೊಡನೆ ಕೂಡಿ ಅವುಗಳ ಸ್ವರೂಪವನ್ನೇ ಬದಲಾಯಿಸಿದುದರ ಫಲ ಅದು. ಕಬ್ಬಿಣದ ಗುಳ ತುಕ್ಕು ಹಿಡಿಯುವುದೂ ಈ ಜಾತಿಯ ಕ್ರಿಯೆಯೇ. ಇದಕ್ಕೆ ಉತ್ಕರ್ಷಣವೆಂದು ಶಾಸ್ತ್ರದ ಹೆಸರು.

ಉಂಡ ಅನ್ನದಿಂದ ಶಕ್ತಿಯನ್ನು ಪಡೆಯಲು ಕೋಶವು ಆಮ್ಲಜನಕವನ್ನು ಬಳಸುತ್ತದೆ. ಮೈಟೊಕಾಂಡ್ರಿಯವೆಂಬ ಸೂಕ್ಷ್ಮ ಕಣಗಳಲ್ಲಿ ಈ ಕೆಲಸ ನಡೆಯುವಾಗ ಅಲ್ಪಾಂಶ ಎಲೆಕ್ಟ್ರಾನುಗಳು ದಾರಿ ತಪ್ಪಿ ಆಮ್ಲಜನಕಕ್ಕೆ ಅಂಟುತ್ತವೆ. ಆಗ ಸೂಪರಾಕ್ಸೈಡ್ ಎಂಬ ಚಂಚಲ ವಸ್ತು ಹುಟ್ಟುತ್ತದೆ. ಅದು ಹೈಡ್ರೊಜನ್ ಪೆರಾಕ್ಸೈಡ್ ಆಗಿ ಮಾರ್ಪಡುತ್ತದೆ. ಅದಕ್ಕೆ ಕಬ್ಬಿಣದ ಅಂಶ ತಗುಲಿದರೆ ಹೈಡ್ರಾಕ್ಸಿಲ್ ಎಂಬ ಮಹಾಚಂಚಲ ಕಣ ಉತ್ಪನ್ನವಾಗುತ್ತದೆ. ಈ ಕಡೆಯದು ಹತ್ತಿರ ಸಿಕ್ಕಿದ ಅಣುವನ್ನು ಕ್ಷಣಮಾತ್ರದಲ್ಲಿ ಕೆಡಿಸಿಬಿಡುತ್ತದೆ.

ಕೋಶವು ನಿರಾಯುಧವಾಗಿಲ್ಲ. ಸೂಪರಾಕ್ಸೈಡನ್ನು ಪಳಗಿಸುವ ಡಿಸ್ಮ್ಯುಟೇಸ್ ಎಂಬ ಕಿಣ್ವದ ಕಾರ್ಯವನ್ನು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ತೋರಿಸಿಕೊಟ್ಟರು. ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯಲು ಕ್ಯಾಟಲೇಸ್ ಎಂಬ ಕಿಣ್ವವಿದೆ. ಇಷ್ಟಾದರೂ ಈ ಕಾವಲನ್ನು ತಪ್ಪಿಸಿಕೊಂಡ ಕಣಗಳಿಂದ ಒಂದೊಂದು ಕೋಶದಲ್ಲಿಯೂ ದಿನಕ್ಕೆ ಸಾವಿರಾರು ಅಕ್ಷರಗಳು ಕೆಡುತ್ತವೆಂದು ಅಂದಾಜು. ಉಸಿರಾಡುವವರೆಗೆ ಈ ಹಾನಿ ತಪ್ಪಿದ್ದಲ್ಲ. ಆದುದರಿಂದ ಜೀವದ ಭದ್ರತೆಯು ಕೆಟ್ಟುದನ್ನು ಬೇಗನೆ ಗುರುತಿಸಿ ತಿದ್ದುವುದರಲ್ಲಿದೆ.

ಒಂದು ಗೀರಿನ ವ್ಯತ್ಯಾಸ

ನಾಲ್ಕು ಅಕ್ಷರಗಳಲ್ಲಿ ಉತ್ಕರ್ಷಣಕ್ಕೆ ಅತಿ ಸುಲಭವಾಗಿ ತುತ್ತಾಗುವುದು ಗ್ವಾನೀನ್, ಅಂದರೆ ನಮ್ಮ ‘ಗ’. ಅದರ ಎಂಟನೆಯ ಸ್ಥಾನದ ಇಂಗಾಲಕ್ಕೆ ಒಂದು ಆಮ್ಲಜನಕದ ಪರಮಾಣು ಸೇರಿದರೆ ಅದು 8-ಆಕ್ಸೊಗ್ವಾನೀನ್ ಆಗುತ್ತದೆ. ಡಿ.ಎನ್.ಎ.ಯಲ್ಲಿ ಉಂಟಾಗುವ ಈ ವಿಕಾರವನ್ನು 1984ರಲ್ಲಿ ಜಪಾನಿನ ಕಸಾಯಿ ಮತ್ತು ನಿಶಿಮುರಾ ಗುರುತಿಸಿದರು.

ಒಂದು ಪರಮಾಣುವಿನಿಂದ ಏನಾದೀತೆಂದು ಕೇಳಬಹುದು. ಕನ್ನಡ ಬಲ್ಲವರಿಗೆ ಉತ್ತರ ಕೈಯಲ್ಲೇ ಇದೆ. ‘ದನ’ ಎಂದು ಬರೆದು ಮೊದಲಕ್ಷರದ ಕೆಳಗೆ ಒಂದು ಗೀರು ಎಳೆದರೆ ‘ಧನ’ವಾಗುತ್ತದೆ. ಓಲೆಯ ಮೇಲೆ ಎಲ್ಲಿಯೋ ತಗುಲಿದ ಗೀರನ್ನು ಅಕ್ಷರದ ಅಂಗವೆಂದು ತಿಳಿದು ನಕಲುಗಾರನು ಬರೆದುಕೊಂಡು ಹೋದರೆ ಅರ್ಥವೇ ಪಲ್ಲಟವಾಗುತ್ತದೆ. 8-ಆಕ್ಸೊಗ್ವಾನೀನಿನ ವಿಷಯವೂ ಹೀಗೆಯೇ. ಅದು ಒಮ್ಮೊಮ್ಮೆ ಮಗ್ಗುಲು ಬದಲಿಸಿ ನಿಂತು, ‘ಸ’ದೊಡನೆ ಕೂಡಬೇಕಾದ ತಾನು ‘ಅ’ದೊಡನೆ ಕೂಡುತ್ತದೆ. ನಕಲು ಮಾಡುವ ಕಿಣ್ವವು ಮೋಸಹೋಗಿ ಎದುರಿಗೆ ‘ಅ’ವನ್ನು ಬರೆಯುತ್ತದೆ. ಮುಂದಿನ ನಕಲಿನಲ್ಲಿ ಆ ‘ಅ’ದ ಎದುರಿಗೆ ನಿಯಮದಂತೆ ‘ಥ’ ಬರುತ್ತದೆ. ಎರಡು ನಕಲುಗಳು ಕಳೆಯುವಷ್ಟರಲ್ಲಿ ‘ಗ’-‘ಸ’ ಇದ್ದೆಡೆ ‘ಥ’-‘ಅ’ ಬಂದಿರುತ್ತದೆ. ಆಗ ನೋಡಿದರೆ ಕೆಟ್ಟ ಅಕ್ಷರವೇ ಅಲ್ಲಿಲ್ಲ; ಎರಡೆಳೆಗಳೂ ಪರಸ್ಪರ ಹೊಂದಿಕೊಂಡಿವೆ; ತಪ್ಪು ಪಾಠವು ಶುದ್ಧಪಾಠದ ವೇಷದಲ್ಲಿ ಸ್ಥಿರವಾಗಿಬಿಟ್ಟಿದೆ. ಹಾನಿಯು ತಿದ್ದಬಹುದಾದ ಸ್ಥಿತಿ. ಹೀಗೆ ಸ್ಥಿರವಾದ ಬದಲಾವಣೆಯಾದರೋ ತಿದ್ದಲಾಗದುದು. ನಕಲು ನಡೆಯುವ ಮುನ್ನ ತಿದ್ದಬೇಕೆಂಬ ಆತುರಕ್ಕೆ ಕಾರಣ ಇದೇ.

ತಿದ್ದುವ ನಾಲ್ವರು

ಕೆಟ್ಟ ಅಕ್ಷರವನ್ನು ಕಿತ್ತು ಹೊಸದನ್ನು ಕೂಡಿಸುವ ಈ ವಿಧಾನದ ಮೊದಲ ಸುಳಿವನ್ನು 1974ರಲ್ಲಿ ಸ್ವೀಡನ್ನಿನ ವಿಜ್ಞಾನಿ ಥಾಮಸ್ ಲಿಂಡಾಲ್ ಕಂಡುಕೊಂಡರು. ಡಿ.ಎನ್.ಎ.ಯಲ್ಲಿ ಇರಬಾರದ ಯುರಾಸಿಲ್ ಎಂಬ ಅಕ್ಷರವನ್ನು ಕಿತ್ತುಹಾಕುವ ಕಿಣ್ವವನ್ನು ಅವರು ಬ್ಯಾಕ್ಟೀರಿಯದಲ್ಲಿ ಗುರುತಿಸಿದರು. ಡಿ.ಎನ್.ಎ. ದುರಸ್ತಿಯ ಅಧ್ಯಯನಕ್ಕಾಗಿ ಲಿಂಡಾಲ್, ಪಾಲ್ ಮೋಡ್ರಿಚ್ ಮತ್ತು ಅಜೀಜ್ ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

8-ಆಕ್ಸೊಗ್ವಾನೀನನ್ನು ತಿದ್ದುವಲ್ಲಿ ಮುಖ್ಯವಾಗಿ ನಾಲ್ವರು ಕೆಲಸಗಾರರು ಸರದಿಯಂತೆ ದುಡಿಯುತ್ತಾರೆ.

ಮೊದಲನೆಯದು ಓ.ಜಿ.ಜಿ.1 ಎಂಬ ಕಿಣ್ವ. ಇದು ಹುಡುಕುವ ಮತ್ತು ಕೀಳುವ ಕೆಲಸಗಾರ. ಡಿ.ಎನ್.ಎ.ಯ ಮೇಲೆ ಜಾರುತ್ತ ಸಾಗುವ ಇದು ಶಂಕೆ ಬಂದ ಅಕ್ಷರವನ್ನು ಹುರಿಯಿಂದ ಹೊರಕ್ಕೆ ಹೊರಳಿಸಿ ತನ್ನ ಒಡಲಿನಲ್ಲಿರುವ ಒಂದು ಕುಳಿಯಲ್ಲಿಟ್ಟು ಪರೀಕ್ಷಿಸುತ್ತದೆ. 2000ದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರೆಗರಿ ವರ್ಡೀನ್ ಅವರ ತಂಡವು ಈ ಕಿಣ್ವದ ರೂಪವನ್ನು ಸ್ಫಟಿಕದ ಮೂಲಕ ಕಂಡು ಒಂದು ವಿಸ್ಮಯವನ್ನು ಹೊರಗೆಡಹಿತು. ಹೊಸತಾಗಿ ಸೇರಿದ ಆಮ್ಲಜನಕವನ್ನು ಅದು ನೇರವಾಗಿ ಮುಟ್ಟಿ ಗುರುತಿಸುವುದಿಲ್ಲ. ಆ ಆಮ್ಲಜನಕ ಸೇರಿದುದರಿಂದ ಏಳನೆಯ ಸ್ಥಾನದ ಸಾರಜನಕಕ್ಕೆ ಒಂದು ಹೈಡ್ರೊಜನ್ ಬಂದು ಅಂಟಿರುತ್ತದೆ; ಅದನ್ನು ಹಿಡಿದು ಇದು ಕೆಟ್ಟ ಅಕ್ಷರವೆಂದು ನಿಶ್ಚಯಿಸುತ್ತದೆ. ಕೋಟಿಗಟ್ಟಲೆ ಒಳ್ಳೆಯ ‘ಗ’ಗಳ ನಡುವೆ ಕೆಟ್ಟ ‘ಗ’ವೊಂದನ್ನು ಹೆಕ್ಕುವುದು ಇಷ್ಟು ಸೂಕ್ಷ್ಮವಾದ ಗುರುತಿನಿಂದ. ನಿಶ್ಚಯವಾದ ಮೇಲೆ ಅಕ್ಷರವನ್ನು ಅದರ ಸಕ್ಕರೆಯ ಪೀಠದಿಂದ ಕತ್ತರಿಸಿ ತೆಗೆಯುತ್ತದೆ. ಅಲ್ಲಿಗೆ ಎಳೆಯಲ್ಲಿ ಒಂದು ಖಾಲಿ ಪೀಠ ಉಳಿಯುತ್ತದೆ.

ಎರಡನೆಯದು ಎ.ಪಿ.ಇ.1. ಇದು ಖಾಲಿ ಪೀಠವಿರುವೆಡೆಯಲ್ಲಿ ಎಳೆಯ ಬೆನ್ನೆಲುಬನ್ನು ಕತ್ತರಿಸಿ, ಹೊಸ ಅಕ್ಷರವನ್ನು ಕೂಡಿಸಲು ಅನುಕೂಲವಾದ ತುದಿಯನ್ನು ಸಿದ್ಧಪಡಿಸುತ್ತದೆ.

ಮೂರನೆಯದು ಪಾಲಿಮರೇಸ್ ಬೀಟಾ. ಅಳಿದುಳಿದ ಸಕ್ಕರೆಯ ಚೂರನ್ನು ತೆಗೆದುಹಾಕಿ, ಎದುರಿನ ಎಳೆಯಲ್ಲಿರುವ ‘ಸ’ವನ್ನು ಓದಿ, ಅದಕ್ಕೆ ತಕ್ಕುದಾದ ‘ಗ’ವನ್ನು ಕೂಡಿಸುತ್ತದೆ. ಬ್ರಹ್ಮಗಿರಿಯ ಪ್ರತಿಯನ್ನು ನೋಡಿ ಜಟಿಂಗರಾಮೇಶ್ವರದ ಸವೆದ ಅಕ್ಷರವನ್ನು ತುಂಬಿಕೊಳ್ಳುವುದಕ್ಕೆ ಸಮಾನವಾದ ಘಟ್ಟ ಇದು.

ನಾಲ್ಕನೆಯದು ಲೈಗೇಸ್ 3. ಎಕ್ಸ್.ಆರ್.ಸಿ.ಸಿ.1 ಎಂಬ ಸಹಾಯಕ ಪ್ರೋಟೀನಿನ ಜೊತೆಗೂಡಿ ಇದು ಉಳಿದ ಬಿರುಕನ್ನು ಬೆಸೆಯುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗದಲ್ಲಿ ಹಾಸಿನ ಎಳೆಯೊಂದು ಹರಿದರೆ ನೇಕಾರನು ಮಗ್ಗವನ್ನು ನಿಲ್ಲಿಸಿ, ತುದಿಗಳನ್ನು ಹುಡುಕಿ ಕೂಡಿಸಿದ ಮೇಲೆಯೇ ಮುಂದೆ ನೇಯುತ್ತಾನೆ. ಲೈಗೇಸ್ ಮಾಡುವುದೂ ಅದನ್ನೇ. ಅದರ ಬೆಸುಗೆಯಲ್ಲಿ ಗಂಟು ಕೂಡ ಉಳಿಯುವುದಿಲ್ಲ.

ಈ ಕೆಲಸಗಾರರ ಮಹತ್ತ್ವವನ್ನು ಇಲಿಗಳ ಮೇಲಣ ಪ್ರಯೋಗಗಳು ತೋರಿಸಿವೆ. ಓ.ಜಿ.ಜಿ.1 ಇಲ್ಲದ ಇಲಿ ಬದುಕುತ್ತದೆ, ಏಕೆಂದರೆ ಕೀಳುವ ಕೆಲಸಕ್ಕೆ ಬೇರೆ ಕಿಣ್ವಗಳ ನೆರವು ಸ್ವಲ್ಪಮಟ್ಟಿಗೆ ಉಂಟು. ಆದರೆ ಎ.ಪಿ.ಇ.1 ಇಲ್ಲದ ಇಲಿ ಭ್ರೂಣಾವಸ್ಥೆಯಲ್ಲಿಯೇ ಸಾಯುತ್ತದೆ. ಪಾಲಿಮರೇಸ್ ಬೀಟಾ ಇಲ್ಲದುದು ಹುಟ್ಟುವ ಮುನ್ನವೋ ಹುಟ್ಟಿದೊಡನೆಯೋ ಸಾಯುತ್ತದೆ. ತಪ್ಪಕ್ಷರವನ್ನು ಅಳಿಸಿ, ಸರಿಯಕ್ಷರವನ್ನು ಬರೆಯದೆ ಬಿಡುವುದು ತಪ್ಪನ್ನು ಹಾಗೆಯೇ ಬಿಡುವುದಕ್ಕಿಂತ ಅಪಾಯಕರವೆಂಬುದನ್ನು ಇದರಿಂದ ತಿಳಿಯಬಹುದು.

ನಕಲಾದ ಮೇಲಿನ ತಿದ್ದುಪಡಿ

ಓ.ಜಿ.ಜಿ.1 ಬರುವ ಮುನ್ನವೇ ನಕಲು ನಡೆದುಹೋಗಿ, ಕೆಟ್ಟ ‘ಗ’ದ ಎದುರಿಗೆ ‘ಅ’ ಬಂದಿದ್ದರೆ ಏನು ಗತಿ? ಇಲ್ಲೊಂದು ಧರ್ಮಸೂಕ್ಷ್ಮವಿದೆ. ಈಗ ಕೆಟ್ಟ ‘ಗ’ವನ್ನು ಕಿತ್ತರೆ, ಎದುರಿನ ‘ಅ’ವನ್ನು ಸಾಕ್ಷಿಯಾಗಿಟ್ಟುಕೊಂಡು ‘ಥ’ವನ್ನು ಕೂಡಿಸಬೇಕಾಗುತ್ತದೆ, ಅಂದರೆ ತಿದ್ದುಪಡಿಯೇ ತಪ್ಪನ್ನು ಸ್ಥಿರಗೊಳಿಸುತ್ತದೆ. ಸಾಕ್ಷಿಯೇ ಸುಳ್ಳಾದಾಗ ಸಾಕ್ಷಿಯನ್ನು ಮೊದಲು ತಿದ್ದಬೇಕು. ಆದುದರಿಂದ ಓ.ಜಿ.ಜಿ.1 ‘ಅ’ದ ಎದುರಿಗಿರುವ ಕೆಟ್ಟ ‘ಗ’ವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮ್ಯೂಟ್-ವೈ-ಎಚ್ ಎಂಬ ಇನ್ನೊಂದು ಕಿಣ್ವವು ಬಂದು, ರೂಪದಲ್ಲಿ ಯಾವ ದೋಷವೂ ಇಲ್ಲದ, ಆದರೆ ಸ್ಥಾನ ತಪ್ಪಿ ಕುಳಿತ ‘ಅ’ವನ್ನು ಕೀಳುತ್ತದೆ. ಅದರ ಎಡೆಯಲ್ಲಿ ‘ಸ’ ಬಂದ ಮೇಲೆ ಓ.ಜಿ.ಜಿ.1 ತನ್ನ ಕೆಲಸವನ್ನು ನಡೆಸುತ್ತದೆ. ಅಕ್ಷರ ಸುಂದರವಾಗಿದ್ದ ಮಾತ್ರಕ್ಕೆ ಪಾಠ ಶುದ್ಧವಲ್ಲವೆಂಬ ವಿವೇಕ ಈ ಕಿಣ್ವಕ್ಕಿದೆ.

ಇವೆರಡರ ಜೊತೆಗೆ ಮೂರನೆಯ ಕಾವಲೂ ಒಂದಿದೆ. ಎಳೆಯಲ್ಲಿ ಕೂಡಿದ ಅಕ್ಷರಗಳಷ್ಟೇ ಅಲ್ಲ, ಬರವಣಿಗೆಗೆಂದು ಕೋಶದಲ್ಲಿ ಸಂಗ್ರಹವಾಗಿರುವ ಬಿಡಿ ಅಕ್ಷರಗಳೂ ಉತ್ಕರ್ಷಣದಿಂದ ಕೆಡುತ್ತವೆ. ಬ್ಯಾಕ್ಟೀರಿಯದಲ್ಲಿ ಇಂಥವನ್ನು ಬಳಕೆಗೆ ಬಾರದಂತೆ ಮಾಡುವ ಕಿಣ್ವದ ಕಾರ್ಯವನ್ನು 1992ರಲ್ಲಿ ಜಪಾನಿನ ಮಾಕಿ ಮತ್ತು ಸೆಕಿಗುಚಿ ತೋರಿಸಿಕೊಟ್ಟರು. ಮನುಷ್ಯರಲ್ಲಿ ಅದಕ್ಕೆ ಸಮನಾದುದು ಎಂ.ಟಿ.ಎಚ್.1. ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಮುನ್ನವೇ ಸವೆದ ಮೊಳೆಗಳನ್ನು ಪೆಟ್ಟಿಗೆಯಿಂದ ಆರಿಸಿ ತೆಗೆಯುತ್ತಿದ್ದ ಕೆಲಸಕ್ಕೆ ಇದನ್ನು ಹೋಲಿಸಬಹುದು.

ತಿದ್ದುವ ಕೈ ಇಲ್ಲದ ಮನೆ

ಇದೆಲ್ಲ ಪ್ರಯೋಗಶಾಲೆಯ ಮಾತಾಯಿತು. ಸಂಸಾರಸ್ಥರಿಗೆ ಇದರಿಂದ ಏನು ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರವಾಗಿ 2002ರಲ್ಲಿ ಬ್ರಿಟನ್ನಿನ ಕಾರ್ಡಿಫ್ ನಗರದ ಸಂಶೋಧಕರು ಪ್ರಕಟಿಸಿದ ಒಂದು ಕುಟುಂಬದ ವಿಷಯವನ್ನು ಹೇಳಬೇಕು. ಆ ಕುಟುಂಬದ ಮೂವರು ಒಡಹುಟ್ಟಿದವರಿಗೆ ದೊಡ್ಡ ಕರುಳಿನಲ್ಲಿ ಗಂಟುಗಳೂ ಕ್ಯಾನ್ಸರೂ ಕಾಣಿಸಿಕೊಂಡಿದ್ದವು. ಇಂಥ ರೋಗಕ್ಕೆ ಕಾರಣವೆಂದು ಆಗ ತಿಳಿದಿದ್ದ ಎ.ಪಿ.ಸಿ. ಎಂಬ ಜೀನಿನಲ್ಲಿ ಅವರಿಗೆ ಹುಟ್ಟಿನಿಂದ ಬಂದ ದೋಷವಿರಲಿಲ್ಲ. ಆದರೆ ಗಂಟುಗಳಲ್ಲಿ ಅದೇ ಜೀನನ್ನು ಓದಿದಾಗ ಬದಲಾವಣೆಗಳು ಕಂಡವು. ಅವು ಬಹುಪಾಲು ಒಂದೇ ಜಾತಿಯವು, ‘ಗ’-‘ಸ’ ಇದ್ದೆಡೆ ‘ಥ’-‘ಅ’ ಬಂದಂಥವು. ಒಬ್ಬ ನಕಲುಗಾರನು ಪದೇ ಪದೇ ಮಾಡುವ ಒಂದೇ ಬಗೆಯ ತಪ್ಪಿನಿಂದ ಆತನನ್ನು ಗುರುತಿಸುವುದು ಗ್ರಂಥಸಂಪಾದಕರ ಪರಿಪಾಠ. ಅದೇ ದಾರಿಯಲ್ಲಿ ಸಾಗಿದ ಸಂಶೋಧಕರು ತಪ್ಪಿನ ಮುದ್ರೆಯಿಂದ ಕಾರಣವನ್ನು ಕಂಡುಕೊಂಡರು. ಆ ಮೂವರಲ್ಲಿಯೂ ಮ್ಯೂಟ್-ವೈ-ಎಚ್ ಜೀನಿನ ಎರಡು ಪ್ರತಿಗಳೂ ದೋಷಯುಕ್ತವಾಗಿದ್ದವು. ಮುಂದೆ ಬ್ರಿಟನ್ನಿನಲ್ಲಿ ನೆಲೆಸಿದ ಭಾರತೀಯ ಮೂಲದ ಕುಟುಂಬಗಳಲ್ಲಿಯೂ ಇದೇ ಜೀನಿನ ದೋಷಗಳು ಕಂಡುಬಂದವು.

ಈ ರೋಗದ ಅನುವಂಶಿಕ ಕ್ರಮವನ್ನು ನಮ್ಮವರು ವಿಶೇಷವಾಗಿ ಗಮನಿಸಬೇಕು. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಎರಡು ಪ್ರತಿಗಳು ನಮಗೆ ಬರುತ್ತವೆ. ಒಂದು ಕೆಟ್ಟು ಇನ್ನೊಂದು ಸರಿಯಿದ್ದರೆ ತಿದ್ದುವ ಕೆಲಸ ಬಹುಮಟ್ಟಿಗೆ ನಡೆಯುತ್ತದೆ. ಎರಡೂ ಕೆಟ್ಟರೆ ರೋಗ. ತಂದೆತಾಯಿಗಳಿಬ್ಬರೂ ಆರೋಗ್ಯವಾಗಿದ್ದು ಒಂದೊಂದು ಕೆಟ್ಟ ಪ್ರತಿಯನ್ನು ಹೊತ್ತಿದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ಎರಡೂ ಕೆಟ್ಟ ಪ್ರತಿಗಳು ಬರುವ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವನಿಗೆ ಅಕ್ಕನ ಮಗಳನ್ನು ತರುವುದು, ಅತ್ತೆಯ ಮಗನಿಗೆ ಮಾವನ ಮಗಳನ್ನು ಕೊಡುವುದು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ಬಂದ ರೂಢಿ. ಹತ್ತಿರದ ರಕ್ತಸಂಬಂಧಿಗಳಲ್ಲಿ ಒಂದೇ ಪೂರ್ವಜರಿಂದ ಬಂದ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚು. ರೂಢಿಯನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ಅರಿತು ನಡೆಯಬೇಕೆಂಬುದೇ ಪ್ರಾರ್ಥನೆ. ಮನೆತನದಲ್ಲಿ ಇಬ್ಬರು ಮೂವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಮಲದಲ್ಲಿ ರಕ್ತ ಕಾಣಿಸಿದರೆ, ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಕೊಲೊನೋಸ್ಕೋಪಿಯೆಂಬ ಪರೀಕ್ಷೆಯಿಂದ ಗಂಟುಗಳನ್ನು ಕ್ಯಾನ್ಸರ್ ಆಗುವ ಮುನ್ನವೇ ಕಂಡು ತೆಗೆಯಬಹುದು. ಕಾಲಕ್ಕೆ ಸರಿಯಾಗಿ ಕಂಡ ಗಂಟು ಒಂದು ಪ್ರಾಣವನ್ನು ಉಳಿಸೀತು.

ಮದ್ದಿನ ಮಾತು

ಉತ್ಕರ್ಷಣವು ಕೆಟ್ಟದ್ದೆಂಬ ಅರ್ಧಜ್ಞಾನವನ್ನು ಬಂಡವಾಳ ಮಾಡಿಕೊಂಡು, ಅದನ್ನು ತಡೆಯುವ ಗುಳಿಗೆಗಳೆಂದು ಅನೇಕ ವಸ್ತುಗಳು ಪೇಟೆಯಲ್ಲಿ ಮಾರಾಟವಾಗುತ್ತವೆ. ಫಿನ್ಲೆಂಡ್ ದೇಶದಲ್ಲಿ ಧೂಮಪಾನಿಗಳಾದ 29,133 ಮಂದಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಬೀಟಾ-ಕ್ಯಾರೊಟೀನ್ ಗುಳಿಗೆಯನ್ನು ವರ್ಷಗಟ್ಟಲೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವುದಿರಲಿ, ಸೇವಿಸದವರಿಗಿಂತ ಶೇಕಡಾ 18ರಷ್ಟು ಹೆಚ್ಚಾಗಿ ಕಂಡಿತು. ಸೊಪ್ಪು, ತರಕಾರಿ, ಹಣ್ಣು, ಕಾಳುಗಳ ಊಟ ಹಿತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿಯ ಒಂದು ಅಂಶವನ್ನು ಬೇರ್ಪಡಿಸಿ ಗುಳಿಗೆಯಾಗಿ ನುಂಗಿದರೆ ಅದೇ ಫಲ ದೊರೆಯುವುದೆಂಬ ಭರವಸೆ ಇಲ್ಲ. ಬೀಡಿ, ಸಿಗರೇಟು, ಹೊಗೆಸೊಪ್ಪುಗಳನ್ನು ಬಿಡುವುದು ಇದಕ್ಕಿಂತ ನಿಶ್ಚಿತವಾದ ಉಪಾಯ. ಅದಕ್ಕೆ ಹಣವೂ ಬೇಕಿಲ್ಲ. ಜೀವಲಿಪಿಯನ್ನು ಕೆಡಿಸುವ ಹಲವು ವಸ್ತುಗಳು ತಂಬಾಕಿನ ಹೊಗೆಯಲ್ಲಿವೆ. ತಿದ್ದುವ ಕೈಗಳು ಎಷ್ಟೇ ಚುರುಕಾಗಿದ್ದರೂ ಅವುಗಳ ಶಕ್ತಿಗೂ ಒಂದು ಮಿತಿಯುಂಟು.

ನಮ್ಮ ನೆಲದ ವಿದ್ಯೆ

ಈ ಶಾಸ್ತ್ರವು ದೂರದೇಶದ್ದೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವರ್ಷ್ಣೆ ಅವರು, ಲಿಂಡಾಲ್ ಮೊದಲು ಕಂಡ ಆ ಯುರಾಸಿಲ್ ಕೀಳುವ ಕಿಣ್ವದ ಮೇಲೆ ದೀರ್ಘಕಾಲ ಸಂಶೋಧನೆ ನಡೆಸಿದರು. ಕ್ಷಯರೋಗದ ಜಾತಿಗೆ ಸೇರಿದ ಬ್ಯಾಕ್ಟೀರಿಯಗಳು ಕೆಟ್ಟ ‘ಗ’ವನ್ನು ಹೇಗೆ ತಿದ್ದಿಕೊಳ್ಳುತ್ತವೆಂಬುದನ್ನೂ ಅವರ ತಂಡ ಶೋಧಿಸಿತು. ನಮ್ಮ ರಕ್ತದ ಕಾವಲುಕೋಶಗಳು ರೋಗಾಣುವನ್ನು ಕೊಲ್ಲಲು ಉತ್ಕರ್ಷಣವನ್ನೇ ಆಯುಧವಾಗಿ ಬಳಸುತ್ತವೆ. ರೋಗಾಣುವೂ ತನ್ನ ಲಿಪಿಯನ್ನು ತಿದ್ದಿಕೊಂಡು ಬದುಕಲು ಹೆಣಗುತ್ತದೆ. ಆದುದರಿಂದ ಈ ಅಧ್ಯಯನವು ಕ್ಷಯದ ವಿರುದ್ಧದ ಹೋರಾಟಕ್ಕೂ ಸಂಬಂಧಿಸಿದುದು. ಅದೇ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಸತೀಶ್ ರಾಘವನ್ ಅವರು, ಎರಡೆಳೆಗಳೂ ಒಟ್ಟಿಗೆ ಹರಿದಾಗ ಕೋಶವು ಅವನ್ನು ಕೂಡಿಸುವ ಬಗೆಯನ್ನು ಶೋಧಿಸಿದ್ದಾರೆ.

ಆ ಸಂಸ್ಥೆಯ ಎರಡನೆಯ ಆವರಣವು ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಸುಮಾರು 1,500 ಎಕರೆ ನೆಲದಲ್ಲಿ ನೆಲೆಗೊಂಡಿದೆ. ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರದಲ್ಲಿ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ವಿಜ್ಞಾನ ಅಧ್ಯಾಪಕರು ಪ್ರಯೋಗಸಹಿತವಾದ ತರಬೇತಿಯನ್ನು ಪಡೆಯುತ್ತಾರೆ. ಕುರಿ ಮೇಯುವ ಬಯಲಿನ ನಡುವೆ ಇಂಥ ವಿದ್ಯಾಸ್ಥಾನವಿರುವಾಗ, ಅಲ್ಲಿಂದ ಕಲಿತು ಬಂದ ಅಧ್ಯಾಪಕರು ತಾವು ಕಂಡುದನ್ನು ಹಳ್ಳಿಯ ಮಕ್ಕಳಿಗೆ ತಿಳಿಗನ್ನಡದಲ್ಲಿ ಹೇಳಬೇಕಾದುದು ಕರ್ತವ್ಯ. ಆ ಕೆಲಸದಲ್ಲಿ ವಿಜ್ಞಾನದ ಅಧ್ಯಾಪಕರೂ ಭಾಷೆಯ ಅಧ್ಯಾಪಕರೂ ಕೈಜೋಡಿಸಬೇಕು.

ಉಪಕರಣವಿಲ್ಲದ ಶಾಲೆಯಲ್ಲಿಯೂ ಈ ಪಾಠವನ್ನು ಮಾಡಬಹುದು. ಕರಿಹಲಗೆಯ ಮೇಲೆ ಅ, ಥ, ಗ, ಸ ಎಂಬ ನಾಲ್ಕಕ್ಷರಗಳಿಂದ ಹನ್ನೆರಡು ಅಕ್ಷರಗಳ ಒಂದು ಸಾಲನ್ನು ಬರೆಯಿರಿ. ಅದರ ಕೆಳಗೆ ಜೋಡಿಯ ಸಾಲನ್ನು ಮಕ್ಕಳಿಂದಲೇ ಬರೆಯಿಸಿರಿ. ಒಂದು ‘ಗ’ದ ಮೇಲೆ ಚುಕ್ಕೆಯಿಟ್ಟು, ಇದು ಕೆಟ್ಟ ಅಕ್ಷರ, ನಕಲುಗಾರನು ಇದರ ಎದುರಿಗೆ ‘ಅ’ ಬರೆಯುತ್ತಾನೆಂದು ಹೇಳಿರಿ. ಸಾಲುಗಳನ್ನು ಬೇರ್ಪಡಿಸಿ ಎರಡು ಬಾರಿ ನಕಲು ಮಾಡಿಸಿದರೆ, ಎಲ್ಲಿ ಶುದ್ಧಪಾಠ ಉಳಿಯಿತು, ಎಲ್ಲಿ ತಪ್ಪು ನೆಲೆನಿಂತಿತು ಎಂಬುದನ್ನು ಮಕ್ಕಳು ತಾವೇ ಕಾಣುವರು. ಬಳಿಕ ಮೊದಲ ನಕಲಿಗೆ ಮುನ್ನವೇ ಚುಕ್ಕೆಯ ‘ಗ’ವನ್ನು ಒರೆಸಿ, ಎದುರಿನ ಸಾಲನ್ನು ನೋಡಿ ತಿದ್ದಲು ಹೇಳಿರಿ. ಸುಣ್ಣದ ಕಡ್ಡಿಯೊಂದರಿಂದ ಓ.ಜಿ.ಜಿ.1 ಮತ್ತು ಪಾಲಿಮರೇಸ್ ಬೀಟಾಗಳ ಕಾರ್ಯ ಅವರ ಮನಸ್ಸಿನಲ್ಲಿ ನಿಲ್ಲುವುದು.

ಮಕ್ಕಳ ಬರವಣಿಗೆಯನ್ನು ಕೆಂಪು ಶಾಯಿಯಿಂದ ತಿದ್ದುವುದು ಅಧ್ಯಾಪಕರ ನಿತ್ಯಕರ್ಮ. ತಪ್ಪನ್ನು ಬೇಗ ಕಾಣಬೇಕು, ಸರಿಯಾದ ಪ್ರತಿಯನ್ನು ಎದುರಿಗಿಟ್ಟುಕೊಂಡು ತಿದ್ದಬೇಕು, ಅಳಿಸಿದ ಎಡೆಯನ್ನು ಖಾಲಿ ಬಿಡಬಾರದು. ಕೋಶದೊಳಗಿನ ಕಿಣ್ವಗಳೂ ಈ ಮೂರನ್ನೇ ಪಾಲಿಸುತ್ತವೆ. ಈ ವಿಷಯವನ್ನು ಅಧ್ಯಾಪಕರು ತರಗತಿಗಳಲ್ಲಿಯೂ, ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿಯೂ ಹೇಳಿದರೆ, ಶಾಲೆಗೆ ಪ್ರಯೋಗಶಾಲೆಯನ್ನೂ ಗ್ರಂಥಾಲಯವನ್ನೂ ಒದಗಿಸುವ ದಾನಿಗಳ ದ್ರವ್ಯವು ಸಾರ್ಥಕವಾಗುವುದು.